ಗೊತ್ತಿದ್ದೂ ನುಂಗಿದ ಹುಸಿಮದ್ದು



ನೀವು ಚಿಕ್ಕವರಿದ್ದಾಗ ಅಂಗಳದಲ್ಲಿ ಓಡಿ ಬಿದ್ದು ಮೊಣಕಾಲು ತರಚಿಕೊಂಡದ್ದು ನೆನಪಿದೆಯೇ? ಅಜ್ಜಿಯೋ ಅಮ್ಮನೋ ಓಡಿ ಬಂದು ಗಾಯಕ್ಕೆ 'ಉಫ್' ಎಂದು ಊದಿ, ನಿಮ್ಮನ್ನು ಬೀಳಿಸಿದ ನೆಲಕ್ಕೆ ಎರಡು ಪೆಟ್ಟು ಕೊಟ್ಟು, "ಹೋಯ್ತು ನೋಡು, ನೋವು ಹೋಯ್ತು" ಎಂದಿರುತ್ತಾರೆ. ನಿಮ್ಮ ಅಳುವೂ ನಿಂತಿರುತ್ತದೆ. ಊದಿದ ಗಾಳಿಯಲ್ಲಿ ಮದ್ದು ಇರಲಿಲ್ಲ. ನೆಲಕ್ಕೆ ಹೊಡೆದರೆ ಮೊಣಕಾಲಿಗೆ ಲಾಭವೂ ಇಲ್ಲ. ಆದರೂ ನೋವು ಕಡಿಮೆಯಾಯಿತಲ್ಲ, ಅದು ಹೇಗೆ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಓಣಂ ಪರೀಕ್ಷೆಯ ಸಮಯ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಗಣಿತ ಪರೀಕ್ಷೆಗೆ ಇನ್ನು ಕಾಲು ಗಂಟೆ. ನನ್ನ ಬ್ಯಾಗಿನಲ್ಲಿ ಇದ್ದದ್ದು ಚೀಪುವ ವಿಟಮಿನ್ ಸಿ ಮಾತ್ರೆ ಮಾತ್ರ. "ಇದು ನೋವಿನ ಮಾತ್ರೆ, ಈಗ ಕಡಿಮೆ ಆಗ್ತದೆ" ಎಂದು ಒಂದನ್ನು ಕೊಟ್ಟೆ. ಹತ್ತು ನಿಮಿಷ ಕಳೆದು ಆಕೆ, "ಈಗ ಕಡಿಮೆ ಉಂಟು ಟೀಚರ್" ಎಂದು ಹೇಳಿ ಪರೀಕ್ಷೆ ಬರೆಯಲು ಹೋದಳು. ನನಗೆ ಒಳಗೊಳಗೇ ಹೆಮ್ಮೆ. ಆದರೆ ನಾನು ಹೇಳಿದ್ದು ಸುಳ್ಳು. ಆ ಸುಳ್ಳಿಗೆ ಇನ್ನೊಂದು ಅಧ್ಯಾಯವೂ ಇದೆ. ಅದನ್ನು ಪಾಠದ ಕೊನೆಗೆ ಹೇಳುತ್ತೇನೆ.

ಈಗ ನಮ್ಮ ಪ್ರಶ್ನೆ ಇದು: "ಇದರಲ್ಲಿ ನೋವಿನ ಮದ್ದು ಇಲ್ಲ" ಎಂದು ನಿಜ ಹೇಳಿ ಅದೇ ಮಾತ್ರೆ ಕೊಟ್ಟಿದ್ದರೂ ನೋವು ಕಡಿಮೆಯಾಗುತ್ತಿತ್ತೇ?

ಹುಸಿಮದ್ದು ಎಂದರೇನು?

ನೋಡಲು ಮದ್ದಿನ ಹಾಗೆಯೇ ಇದ್ದು, ಆ ಕಾಯಿಲೆಯ ಮೇಲೆ ಕೆಲಸ ಮಾಡುವ ವಸ್ತು ಏನೂ ಇಲ್ಲದ ಮಾತ್ರೆ, ಇಂಜೆಕ್ಷನ್ ಅಥವಾ ಚಿಕಿತ್ಸೆಗೆ ಪ್ಲಾಸಿಬೊ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ 'ನಾನು ಮೆಚ್ಚಿಸುವೆನು' ಎಂಬ ಅರ್ಥ. ನಾವು ಇಲ್ಲಿ ಹುಸಿಮದ್ದು ಎಂದು ಕರೆಯೋಣ.

ಇದನ್ನು ಪರೀಕ್ಷಿಸಿ ನೋಡಿದ ಕಥೆ ಹಳೆಯದು. 1796ರಲ್ಲಿ ಅಮೆರಿಕದ ಎಲಿಶಾ ಪರ್ಕಿನ್ಸ್ ಎಂಬ ವೈದ್ಯರು ಎರಡು ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದರು. ನೋವಿರುವ ಜಾಗದ ಮೇಲೆ ಅವುಗಳನ್ನು ಎಳೆದರೆ ನೋವು ಹೊರಗೆ ಬರುತ್ತದೆ ಎಂಬುದು ಅವರ ವಾದ. ಕಡ್ಡಿಗಳು ಇಂಗ್ಲೆಂಡಿನಲ್ಲೂ ಹೆಸರು ಮಾಡಿದವು. ಅಲ್ಲಿನ ಬಾತ್ ನಗರದ ವೈದ್ಯ ಜಾನ್ ಹೇಗಾರ್ತ್ ಅವರಿಗೆ ಸಂಶಯ ಬಂತು. 1799ರಲ್ಲಿ ಅವರು ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣುವ ಬಣ್ಣ ಬಳಿಸಿ, ಸಂಧಿವಾತದ 5 ಮಂದಿ ರೋಗಿಗಳ ಮೇಲೆ ಎಳೆದರು. 4 ಮಂದಿ ನೋವು ಕಡಿಮೆಯಾಯಿತು ಎಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳಿಂದ ಎಳೆದಾಗಲೂ ಫಲಿತಾಂಶ ಹೆಚ್ಚುಕಡಿಮೆ ಅದೇ. ಹಾಗಾದರೆ ಕೆಲಸ ಮಾಡಿದ್ದು ಲೋಹ ಅಲ್ಲ ಎಂದಾಯಿತು.

ಇಂದು ಹೊಸ ಮದ್ದನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ನಿಜವಾದ ಮದ್ದು, ಇನ್ನೊಂದು ಗುಂಪಿಗೆ ಹುಸಿಮದ್ದು ಕೊಡುವ ಕ್ರಮ ಇದೆ. ಯಾರಿಗೆ ಯಾವುದು ಸಿಕ್ಕಿತು ಎಂದು ರೋಗಿಗೂ ಗೊತ್ತಿರುವುದಿಲ್ಲ, ಕೊಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಹಳ ಕಾಲ ಎಲ್ಲರೂ ಒಂದು ವಿಷಯವನ್ನು ಹಾಗೆಯೇ ಒಪ್ಪಿಕೊಂಡಿದ್ದರು: ಗುಟ್ಟು ಬಯಲಾದರೆ ಹುಸಿಮದ್ದು ಕೆಲಸ ಮಾಡುವುದಿಲ್ಲ.

ನೋವು ಎಲ್ಲಿ ಹುಟ್ಟುತ್ತದೆ?

ಮುಂದೆ ಹೋಗುವ ಮೊದಲು ನೋವಿನ ಬಗ್ಗೆ ಸ್ವಲ್ಪ ತಿಳಿಯೋಣ. ಬೆರಳಿಗೆ ಮುಳ್ಳು ಚುಚ್ಚಿತು ಅಂತ ಇಟ್ಟುಕೊಳ್ಳಿ. ಚರ್ಮದಲ್ಲಿರುವ ನರತುದಿಗಳು ಅಪಾಯವನ್ನು ಗುರುತಿಸಿ ವಿದ್ಯುತ್ ಸಂದೇಶ ಕಳಿಸುತ್ತವೆ. ಸಂದೇಶ ಬೆನ್ನುಹುರಿಗೆ ಬಂದು, ಅಲ್ಲಿಂದ ಮಿದುಳಿಗೆ ಏರುತ್ತದೆ. ಬೆರಳಿನಿಂದ ಹೊರಟದ್ದು ಬರೀ ಅಪಾಯದ ಸುದ್ದಿ. ಅದು 'ನೋವು' ಎಂಬ ಅನುಭವವಾಗುವುದು ಮಿದುಳಿನಲ್ಲಿ.

ದಾರಿ ಒಂದೇ ಕಡೆಗೆ ಅಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ನರಗಳೂ ಇವೆ. ಮೇಲೆ ಬರುತ್ತಿರುವ ಸುದ್ದಿಯನ್ನು ಅವು ತಗ್ಗಿಸಬಲ್ಲವು, ಹೆಚ್ಚಿಸಲೂಬಲ್ಲವು. ರೇಡಿಯೋದ ಸೌಂಡು ಏರಿಸಿ ಇಳಿಸುವ ತಿರುಗಣೆಯಂತೆ ಅಂದುಕೊಳ್ಳಿ. ಕಬಡ್ಡಿ ಆಡುವಾಗ ಆದ ಗಾಯ ಆಟ ಮುಗಿದ ಮೇಲೆಯೇ ಗೊತ್ತಾಗುತ್ತದಲ್ಲ? ಗಾಯ ಮೊದಲೇ ಇತ್ತು. ಮಿದುಳು ಸೌಂಡು ಕಡಿಮೆ ಮಾಡಿತ್ತು. ಈ ಕೆಲಸಕ್ಕೆ ಮಿದುಳು ಬಳಸುವ ವಸ್ತುಗಳಲ್ಲಿ ಎಂಡಾರ್ಫಿನ್‌ಗಳು ಮುಖ್ಯವಾದವು. ಇವು ಮಾರ್ಫಿನ್ ಎಂಬ ನೋವಿನ ಮದ್ದು ಕೂರುವ ಜಾಗದಲ್ಲೇ ನರಕೋಶಗಳ ಮೇಲೆ ಕೂರುತ್ತವೆ.

1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ಜಾಣ ಪ್ರಯೋಗ ಮಾಡಿದರು. ದವಡೆ ಹಲ್ಲು ಕೀಳಿಸಿಕೊಂಡ ರೋಗಿಗಳಿಗೆ ಹುಸಿಮದ್ದು ಕೊಟ್ಟರು. ಕೆಲವರಿಗೆ ನೋವು ಕಡಿಮೆಯಾಯಿತು. ಅಂಥವರಿಗೆ ನಾಲೊಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಾಲೊಕ್ಸೋನ್ ಎಂದರೆ ಮಾರ್ಫಿನ್ ಮತ್ತು ಎಂಡಾರ್ಫಿನ್‌ಗಳು ಕೂರುವ ಜಾಗವನ್ನು ತಾನೇ ಹಿಡಿದು ಅವುಗಳ ಕೆಲಸ ನಿಲ್ಲಿಸುವ ಮದ್ದು. ಅಂದರೆ, ಹುಸಿಮದ್ದು ತೆಗೆದುಕೊಂಡವರ ದೇಹ ತನ್ನದೇ ನೋವುನಿವಾರಕವನ್ನು ಬಿಡುಗಡೆ ಮಾಡಿತ್ತು. ಎಲ್ಲ ಸಂದರ್ಭದಲ್ಲೂ ಎಂಡಾರ್ಫಿನ್ ಒಂದೇ ಕಾರಣವಲ್ಲ ಎಂದು ಮುಂದಿನ ಪ್ರಯೋಗಗಳಲ್ಲಿ ಗೊತ್ತಾಯಿತು. ಆದರೆ ಒಂದು ಮಾತು ಸ್ಪಷ್ಟ: ಹುಸಿಮದ್ದಿನಿಂದ ಇಳಿದ ನೋವು ಹುಸಿ ನೋವಲ್ಲ. "ಸಕ್ಕರೆ ಮಾತ್ರೆಗೆ ಹೋಯ್ತಲ್ಲ, ಹಾಗಾದ್ರೆ ನೀನು ನಾಟಕ ಮಾಡ್ತಿದ್ದೆ" ಎಂದು ಯಾರಿಗೂ ಹೇಳಬೇಡಿ. ಅದು ವಿಜ್ಞಾನಕ್ಕೂ ಸರಿಯಲ್ಲ, ಸ್ನೇಹಕ್ಕೂ ಸರಿಯಲ್ಲ.

ನಿಜ ಹೇಳಿ ಕೊಟ್ಟರೆ?

1965ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಪಾರ್ಕ್ ಮತ್ತು ಕೋವಿ ಎಂಬ ವೈದ್ಯರು ಮಾನಸಿಕ ಆತಂಕದಿಂದ ಬಳಲುತ್ತಿದ್ದ 15 ಮಂದಿಗೆ, "ಇದು ಸಕ್ಕರೆ ಮಾತ್ರೆ, ಇದರಲ್ಲಿ ಮದ್ದು ಇಲ್ಲ" ಎಂದು ಹೇಳಿಯೇ ಒಂದು ವಾರಕ್ಕೆ ಮಾತ್ರೆ ಕೊಟ್ಟರು. ವಾರ ಪೂರೈಸಿದ 14 ಮಂದಿಯಲ್ಲಿ 13 ಮಂದಿ ಸುಧಾರಿಸಿದ್ದರು. ಓದಲು ಚೆನ್ನಾಗಿದೆ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿ ಕೈ ಎತ್ತಿ ಕೇಳಬೇಕು: "ಟೀಚರ್, ಹೋಲಿಸಿ ನೋಡಲು ಮಾತ್ರೆ ತೆಗೆದುಕೊಳ್ಳದವರ ಗುಂಪು ಎಲ್ಲಿ?" ಇರಲಿಲ್ಲ. ಆ ವಾರದಲ್ಲಿ ಅವರು ತಾವಾಗಿಯೇ ಸುಧಾರಿಸಿರಬಹುದು. ಅದಲ್ಲದೆ ವೈದ್ಯರು ಹೇಳಿದ್ದನ್ನು ನಂಬದೆ, 'ಇದರಲ್ಲಿ ಏನೋ ಮದ್ದು ಇದೆ' ಎಂದುಕೊಂಡವರೂ ಅವರಲ್ಲಿ ಇದ್ದರು.

ಈ ಹೋಲಿಕೆ ಯಾಕೆ ಅಷ್ಟು ಮುಖ್ಯ? ನಾವು ಮಾತ್ರೆ ನುಂಗುವುದು ನೋವು ತಡೆಯಲಾಗದಷ್ಟು ಏರಿದಾಗ. ಏರಿದ ನೋವು ಸ್ವಲ್ಪ ಹೊತ್ತಿಗೆ ಹೇಗೂ ಇಳಿಯುವುದುಂಟು. ಆದರೆ ನಾವು ಹೊಗಳುವುದು ಮಾತ್ರೆಯನ್ನು. ತೆರೆ ಇಳಿಯುವ ಹೊತ್ತಿಗೆ ಕಡಲಿಗೆ ಕೈ ಅಡ್ಡ ಹಿಡಿದು, "ನಾನೇ ಇಳಿಸಿದೆ" ಎಂದ ಹಾಗೆ. ನನ್ನ ವಿಟಮಿನ್ ಸಿ ಮಾತ್ರೆಯ ಹೆಮ್ಮೆಯೂ ಇಂಥದ್ದೇ ಆಗಿರಬಹುದು.

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು ಆ ಕೊರತೆ ತುಂಬಿದ ಪ್ರಯೋಗವನ್ನು ಪ್ರಕಟಿಸಿದರು. ಐಬಿಎಸ್ ಎಂಬ ಕರುಳಿನ ತೊಂದರೆ ಇದ್ದ 80 ಮಂದಿ ಅದರಲ್ಲಿದ್ದರು. ಪದೇಪದೇ ಹೊಟ್ಟೆನೋವು ಬರುವುದು, ಭೇದಿ ಅಥವಾ ಮಲಬದ್ಧತೆ ಆಗುವುದು ಇದರ ಲಕ್ಷಣ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಆಕಸ್ಮಿಕವಾಗಿ ನಿರ್ಧರಿಸಿದರು. ಒಂದು ಗುಂಪಿಗೆ ಮಾತ್ರೆ ಇಲ್ಲ, ಆದರೆ ವೈದ್ಯರೊಡನೆ ಮಾತುಕತೆ ಎರಡೂ ಗುಂಪಿಗೆ ಸಮಾನ. ಇನ್ನೊಂದು ಗುಂಪಿಗೆ ಕೊಟ್ಟ ಬಾಟಲಿಯ ಮೇಲೆಯೇ 'ಪ್ಲಾಸಿಬೊ' ಎಂದು ಬರೆದಿತ್ತು. ಇದರಲ್ಲಿ ಮದ್ದು ಇಲ್ಲ, ಆದರೂ ಇಂಥ ಮಾತ್ರೆಗೆ ದೇಹ ತಾನಾಗಿ ಸ್ಪಂದಿಸುವುದುಂಟು, ನಂಬಲೇಬೇಕೆಂದಿಲ್ಲ, ತಪ್ಪದೆ ನುಂಗಿ ಎಂದು ವಿವರಿಸಿದರು. ಮೂರು ವಾರ ಕಳೆದಾಗ ಸಾಕಷ್ಟು ಆರಾಮ ಸಿಕ್ಕಿದೆ ಎಂದವರು ಮಾತ್ರೆಯ ಗುಂಪಿನಲ್ಲಿ ಶೇಕಡಾ 59, ಮಾತ್ರೆ ಇಲ್ಲದ ಗುಂಪಿನಲ್ಲಿ ಶೇಕಡಾ 35.

ಈ ಲೆಕ್ಕವನ್ನು ನಿಧಾನವಾಗಿ ಓದಿ. ಏನೂ ಕೊಡದಿದ್ದರೂ 100ರಲ್ಲಿ 35 ಮಂದಿ ಸುಧಾರಿಸಿದರು. ಹಾಗಾಗಿ ಮಾತ್ರೆಯ ಲೆಕ್ಕಕ್ಕೆ ಸೇರುವುದು 59 ಅಲ್ಲ, 59ರಲ್ಲಿ 35 ಕಳೆದು ಉಳಿದ 24. ಜೊತೆಗೆ, ಮಾತ್ರೆ ನುಂಗಿಯೂ ಸಾಕಷ್ಟು ಆರಾಮ ಸಿಗದವರು 41 ಮಂದಿ ಇದ್ದಾರೆ. ಮೂರೂ ಸಂಖ್ಯೆಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ಪ್ರಯೋಗ ಏನು ಹೇಳುತ್ತದೆ ಎಂದು ಗೊತ್ತಾಗುತ್ತದೆ.

2016ರಲ್ಲಿ ಪೋರ್ಚುಗಲ್ ದೇಶದಿಂದ ಇನ್ನೊಂದು ವರದಿ ಬಂತು. ಇಲ್ಲಿ ಇದ್ದವರು ಬಹುಕಾಲದಿಂದ ಸೊಂಟನೋವು ಅನುಭವಿಸುತ್ತಿದ್ದವರು. ಎಲ್ಲರೂ ತಮ್ಮ ಮಾಮೂಲು ಚಿಕಿತ್ಸೆಯನ್ನು ಮುಂದುವರಿಸಿದರು. ಒಂದು ಗುಂಪು ಅದರ ಜೊತೆಗೆ, ಗೊತ್ತಿದ್ದೇ, ಹುಸಿಮದ್ದನ್ನೂ ನುಂಗಿತು. ನೋವನ್ನು 0ಯಿಂದ 10ರವರೆಗಿನ ಅಳತೆಯಲ್ಲಿ ಹೇಳಬೇಕಿತ್ತು. ಮೂರು ವಾರಗಳಲ್ಲಿ ಹುಸಿಮದ್ದಿನ ಗುಂಪಿನಲ್ಲಿ ನೋವು ಸರಾಸರಿ 1.5 ಇಳಿಯಿತು, ಇನ್ನೊಂದರಲ್ಲಿ 0.2 ಮಾತ್ರ. ನೋವು ಪೂರ್ತಿ ಹೋಗಲಿಲ್ಲ, ಆದರೆ ಇಳಿದದ್ದು ಕಾಣುವಷ್ಟು ಇತ್ತು.

ಗೊತ್ತಿದ್ದೂ ಯಾಕೆ ಹೀಗೆ?

ಒಂದು ಎಳೆ ಮಾವಿನಕಾಯಿ. ಅದನ್ನು ಹೆಚ್ಚಿ, ಉಪ್ಪು ಮೆಣಸಿನಪುಡಿ ಸವರಿ, ಒಂದು ಹೋಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಿದ್ದೀರಿ.

ಬಾಯಲ್ಲಿ ನೀರು ಬಂತೇ? ನಿಮ್ಮ ಕೈಯಲ್ಲಿ ಇರುವುದು ಕಾಗದ, ಮಾವಿನಕಾಯಿ ಅಲ್ಲ ಎಂದು ನಿಮಗೆ ಚೆನ್ನಾಗಿ ಗೊತ್ತು. ನಾನು ನಿಮಗೆ ಮೋಸ ಮಾಡಿಲ್ಲ. ಆದರೂ ಲಾಲಾರಸ ಗ್ರಂಥಿಗಳು ನಿಮ್ಮ ತಿಳಿವಳಿಕೆಗೆ ಕಾಯದೆ ಕೆಲಸ ಶುರು ಮಾಡಿದವು. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ ಕಲಿತ ಪ್ರತಿಕ್ರಿಯೆ ಇದೇ. ಆಹಾರದ ಜೊತೆಗೆ ಮತ್ತೆ ಮತ್ತೆ ಒಂದು ಶಬ್ದ ಕೇಳಿಸಿದರೆ, ಕೊನೆಗೆ ಶಬ್ದ ಮಾತ್ರ ಕೇಳಿದರೂ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ.

ನೀವೂ ಹುಟ್ಟಿದಂದಿನಿಂದ ಎಷ್ಟು ಸಲ ಮಾತ್ರೆ ನುಂಗಿ ಹುಷಾರಾಗಿದ್ದೀರಿ! ಮಾತ್ರೆ, ನೀರಿನ ಲೋಟ, ಡಾಕ್ಟರ ಸಮಾಧಾನದ ಮಾತು, ಇವೆಲ್ಲ ಆರಾಮದೊಡನೆ ಗಂಟು ಹಾಕಿಕೊಂಡಿವೆ. 2015ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಬೆಂಬಲ ಕೊಟ್ಟಿತು. ತೋಳಿಗೆ ಬಿಸಿ ತಾಗಿಸಿ ನೋವು ಅಳೆಯುವ ಪ್ರಯೋಗ ಅದು. ಮದ್ದಿಲ್ಲದ ಮುಲಾಮನ್ನು ಹಚ್ಚಿ, ಜನರಿಗೆ ಗೊತ್ತಾಗದಂತೆ ಬಿಸಿಯನ್ನು ಕಡಿಮೆ ಮಾಡುತ್ತಾ ಹೋದರು. 'ಮುಲಾಮು ಹಚ್ಚಿದರೆ ನೋವು ಕಡಿಮೆ' ಎಂದು ಮಿದುಳು ಕಲಿಯಿತು. ಆಮೇಲೆ, "ಇದರಲ್ಲಿ ಮದ್ದು ಇರಲಿಲ್ಲ" ಎಂದು ಗುಟ್ಟು ಬಿಟ್ಟುಕೊಟ್ಟರು. ಹೆಚ್ಚು ಸಲ ಅಭ್ಯಾಸವಾಗಿದ್ದವರಿಗೆ ಗುಟ್ಟು ತಿಳಿದ ಮೇಲೂ ಮುಲಾಮು ಹಚ್ಚಿದ ಜಾಗದಲ್ಲಿ ನೋವು ಕಡಿಮೆಯೇ ಇತ್ತು. ಸ್ವಲ್ಪವೇ ಅಭ್ಯಾಸವಾಗಿದ್ದವರಲ್ಲಿ ಆ ಪರಿಣಾಮ ಉಳಿಯಲಿಲ್ಲ.

ಇದೊಂದೇ ವಿವರಣೆ ಸಾಕು ಎಂದಲ್ಲ. ವೈದ್ಯರು ಗಮನಕೊಟ್ಟು ಕೇಳುವುದು, ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳುವ ಕ್ರಮ, 'ಕಡಿಮೆಯಾದರೂ ಆದೀತು' ಎಂಬ ಸಣ್ಣ ನಿರೀಕ್ಷೆ, ಇವಕ್ಕೂ ಪಾತ್ರ ಇದೆ ಎನ್ನುತ್ತಾರೆ ವಿಜ್ಞಾನಿಗಳು.

ಎಲ್ಲಿಗೆ ನಿಲ್ಲುತ್ತದೆ?

ಈಗ ಬಹಳ ಮುಖ್ಯವಾದ ಭಾಗ. 2011ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಆಸ್ತಮಾ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ನಿಜವಾದ ಮದ್ದಿನ ಇನ್‌ಹೇಲರ್, ಹುಸಿ ಇನ್‌ಹೇಲರ್, ಹುಸಿ ಸೂಜಿಚಿಕಿತ್ಸೆ, ಏನೂ ಇಲ್ಲ ಎಂಬ ನಾಲ್ಕು ಸ್ಥಿತಿಗಳನ್ನು ಹೋಲಿಸಿದರು. ಇಲ್ಲಿ ಹುಸಿ ಯಾವುದೆಂದು ರೋಗಿಗಳಿಗೆ ಹೇಳಿರಲಿಲ್ಲ. "ಎಷ್ಟು ಸುಧಾರಿಸಿತು?" ಎಂದು ಕೇಳಿದಾಗ ನಿಜವಾದ ಮದ್ದಿಗೆ ಶೇಕಡಾ 50, ಹುಸಿ ಇನ್‌ಹೇಲರ್‌ಗೆ 45, ಹುಸಿ ಸೂಜಿಗೆ 46, ಏನೂ ಇಲ್ಲದ್ದಕ್ಕೆ 21 ಎಂಬ ಉತ್ತರ ಬಂತು. ಹುಸಿಯೂ ನಿಜವೂ ಹತ್ತಿರ ಹತ್ತಿರ! ಆದರೆ ಊದುವ ಯಂತ್ರದಲ್ಲಿ ಉಸಿರನ್ನು ಅಳೆದಾಗ ಬೇರೆಯೇ ಕಥೆ. ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ನಿಜವಾದ ಮದ್ದಿನಿಂದ ಶೇಕಡಾ 20 ಹೆಚ್ಚಿತು. ಉಳಿದ ಮೂರರಲ್ಲೂ ಸುಮಾರು 7 ಮಾತ್ರ.

ರೋಗಿಗೆ ಆರಾಮ ಅನಿಸಿತು, ಆದರೆ ಶ್ವಾಸನಾಳ ತೆರೆದಿರಲಿಲ್ಲ. ಇದು ಎಷ್ಟು ಅಪಾಯ ಎಂದು ಯೋಚಿಸಿ.

ಸೊಂಟನೋವಿನಲ್ಲೂ ಇದೇ ಪಾಠ ಸಿಕ್ಕಿತು. ಜರ್ಮನಿಯ ಎಸ್ಸೆನ್ ನಗರದಲ್ಲಿ ಗೊತ್ತಿದ್ದು ನುಂಗಿದ ಹುಸಿಮದ್ದಿನ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ನೋವು ಕಡಿಮೆಯಾಗಿದೆ ಎಂದು ಜನ ಹೇಳಿದರು, ಆದರೆ ಅವರ ಬೆನ್ನು ಎಷ್ಟು ಬಾಗುತ್ತದೆ ಎಂದು ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷ ಕಳೆದು ವಿಚಾರಿಸಿದಾಗ ಎರಡು ಗುಂಪುಗಳ ನಡುವೆ ನೋವಿನಲ್ಲೂ ವ್ಯತ್ಯಾಸ ಉಳಿದಿರಲಿಲ್ಲ.

ಇನ್ನೊಂದು ಸಂಶಯವನ್ನೂ ಬಿಡಬಾರದು. ಇಂಥ ಪ್ರಯೋಗದಲ್ಲಿ ಯಾರಿಗೆ ಮಾತ್ರೆ ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತು. ಮಾತ್ರೆ ಸಿಗದವರಿಗೆ ಬೇಸರ ಬಂದು 'ನೋವು ಹಾಗೇ ಇದೆ' ಎಂದಿರಬಹುದು. ಸಿಕ್ಕಿದವರು ವೈದ್ಯರ ಮೇಲಿನ ಗೌರವದಿಂದ 'ಕಡಿಮೆಯಾಗಿದೆ' ಎಂದಿರಬಹುದು. ನೋವನ್ನು ಅಳೆಯಲು ಥರ್ಮಾಮೀಟರ್ ಇಲ್ಲ, ಕೇಳಿಯೇ ತಿಳಿಯಬೇಕು. ಹಾಗಾಗಿ ಈಗ ನಾವು ಹೇಳಬಹುದಾದದ್ದು ಇಷ್ಟು: ಗೊತ್ತಿದ್ದು ತೆಗೆದುಕೊಂಡ ಹುಸಿಮದ್ದಿನಿಂದ, ಕೆಲವು ಬಗೆಯ ದೀರ್ಘಕಾಲದ ನೋವಿನಲ್ಲಿ, ಕೆಲವರಿಗೆ, ಕೆಲವು ವಾರಗಳ ಮಟ್ಟಿಗೆ ನೋವಿನ ಅನುಭವ ಕಡಿಮೆಯಾಗುತ್ತದೆ. ನೋವಿನ ಕಾರಣವನ್ನು ಅದು ವಾಸಿ ಮಾಡುತ್ತದೆ ಎನ್ನಲು ಆಧಾರ ಇಲ್ಲ. ಸೋಂಕನ್ನು ಅದು ಕೊಲ್ಲುವುದಿಲ್ಲ, ಮುರಿದ ಮೂಳೆಯನ್ನು ಕೂಡಿಸುವುದಿಲ್ಲ, ಹಾವಿನ ವಿಷ ಇಳಿಸುವುದಿಲ್ಲ.

ನನ್ನ ಸುಳ್ಳಿನ ಎರಡನೇ ಅಧ್ಯಾಯ

ಮೊದಲು ಹೇಳಿದ ಆ ಮಾತ್ರೆಯ ಸುದ್ದಿ ಮಕ್ಕಳಲ್ಲಿ ಹಬ್ಬಿತ್ತು. ಮರುವರ್ಷ ಎಂಟನೇ ತರಗತಿಯ ಹುಡುಗನೊಬ್ಬ ಮಧ್ಯಾಹ್ನ ಬಂದು, "ಹೊಟ್ಟೆ ನೋವು, ಆ ಮಾತ್ರೆ ಕೊಡಿ ಟೀಚರ್" ಎಂದ. ಅದೇ ಮಾತ್ರೆ, ಅದೇ ಸುಳ್ಳು. ಸ್ವಲ್ಪ ಹೊತ್ತಿಗೆ, "ಅಡ್ಡಿಯಿಲ್ಲ ಟೀಚರ್" ಎಂದು ಕೊನೆಯ ಪೀರಿಯಡ್‌ವರೆಗೂ ಕೂತ. ರಾತ್ರಿ ವಾಂತಿ, ಜ್ವರ. ಹೊಕ್ಕುಳಿನ ಸುತ್ತ ಇದ್ದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಎಂದು ಹೇಳಿ ಆಪರೇಷನ್ ಮಾಡಿದರು. ಕರುಳಿಗೆ ಅಂಟಿದ ಸಣ್ಣ ಬಾಲದಂಥ ಭಾಗ ಬಾತುಕೊಳ್ಳುವ ಕಾಯಿಲೆ ಅದು. ತಡವಾದರೆ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಬಹುದು. ಪುಣ್ಯಕ್ಕೆ ಅಷ್ಟು ತಡವಾಗಿರಲಿಲ್ಲ. ಹುಡುಗ ಹುಷಾರಾದ.

ನೋಡಲು ಹೋದಾಗ ಅವನ ಅಪ್ಪ ನನ್ನನ್ನು ಬೈಯಲಿಲ್ಲ. "ಶಾಲೆಯಲ್ಲಿ ಟೀಚರ್ ಮದ್ದು ಕೊಟ್ಟಿದ್ದಾರೆ ಅಂತ ನಾವು ಧೈರ್ಯದಲ್ಲಿದ್ದೆವು" ಎಂದರು, ಅಷ್ಟೆ.

ಆ ಮಾತು ನನಗೆ ಯಾವ ಪುಸ್ತಕವೂ ಕಲಿಸದ್ದನ್ನು ಕಲಿಸಿತು. 'ಇದರಲ್ಲಿ ಮದ್ದು ಇಲ್ಲ' ಎಂದು ನಿಜ ಹೇಳಿದ್ದರೆ ಮಾತ್ರೆ ಕೆಲಸ ಮಾಡುತ್ತಿತ್ತೋ ಇಲ್ಲವೋ, ಆ ಮನೆಯವರು ಸಂಜೆಯೇ ಆಸ್ಪತ್ರೆಗೆ ಹೊರಡುತ್ತಿದ್ದರು. ಮೇಲೆ ಹೇಳಿದ ಪ್ರಯೋಗಗಳಲ್ಲಿ ರೋಗಿಗಳನ್ನು ಮೊದಲೇ ವೈದ್ಯರು ನೋಡಿದ್ದರು, ಅವರಿಗೆ ಇರುವ ತೊಂದರೆ ಏನೆಂದು ಗೊತ್ತಿತ್ತು. ನಾನು ಅದನ್ನು ಮಾಡದೆ ನೋವಿನ ಬಾಯಿ ಮುಚ್ಚಿಸಿದ್ದೆ. ನೋವು ದೇಹ ಕಳಿಸುವ ಸುದ್ದಿ. ಸುದ್ದಿ ಏನೆಂದು ತಿಳಿದ ಮೇಲೆ ಅದರ ಸೌಂಡು ಇಳಿಸಬಹುದು, ತಿಳಿಯುವ ಮೊದಲು ಅಲ್ಲ.

ಈಗ ನನ್ನ ಬ್ಯಾಗಿನಲ್ಲಿ ಆ ಮಾತ್ರೆ ಇಲ್ಲ. ಯಾರಾದರೂ ಹೊಟ್ಟೆ ಹಿಡಿದುಕೊಂಡು ಬಂದರೆ ಎಲ್ಲಿ ನೋವು, ಯಾವಾಗಿನಿಂದ, ಬೆಳಿಗ್ಗೆ ಏನು ತಿಂದೆ, ಜ್ವರ ಉಂಟಾ ಎಂದು ಕೇಳುತ್ತೇನೆ. ಮನೆಗೆ ಫೋನ್ ಮಾಡುತ್ತೇನೆ. ಅವರು ಬರುವವರೆಗೆ ಪಕ್ಕದಲ್ಲಿ ಕೂತು ಬೆನ್ನು ಸವರುತ್ತೇನೆ. ಸವರಿದರೂ ನೋವು ಸ್ವಲ್ಪ ಇಳಿಯುತ್ತದೆ. ಇದರಲ್ಲಿ ಸುಳ್ಳಿಲ್ಲ. ಅಜ್ಜಿ ಊದಿದಾಗಲೂ ಅವರ ಕೈಯಲ್ಲಿ ಮದ್ದು ಇಲ್ಲ ಎಂಬುದು ನಿಮಗೆ ಕಾಣುತ್ತಿತ್ತು, ಅಲ್ವಾ?

ಮಾಡಿ ನೋಡಿ

1. ಒಂದು ಹಾಳೆಯಲ್ಲಿ ಸರಿಯಾಗಿ 8 ಸೆಂಟಿಮೀಟರಿನ ಎರಡು ಅಡ್ಡಗೆರೆಗಳನ್ನು ಒಂದರ ಕೆಳಗೆ ಒಂದು ಎಳೆಯಿರಿ. ಮೊದಲನೆಯದರ ಎರಡು ತುದಿಗಳಿಗೂ ಬಾಣದಂತೆ ಒಳಮುಖವಾಗಿ ಮಡಚಿದ ಸಣ್ಣ ಗೆರೆಗಳನ್ನು, ಎರಡನೆಯದಕ್ಕೆ ಹೊರಮುಖವಾಗಿ ಚಾಚಿದ ಸಣ್ಣ ಗೆರೆಗಳನ್ನು ಸೇರಿಸಿ. ಯಾವುದು ಉದ್ದ ಕಾಣುತ್ತದೆ? ಸ್ಕೇಲಿನಿಂದ ಅಳೆದು ಮತ್ತೆ ನೋಡಿ. ಸಮ ಎಂದು ಗೊತ್ತಾದ ಮೇಲೂ ಕಣ್ಣಿಗೆ ಸಮ ಕಾಣುತ್ತದೆಯೇ? ಈ ಪಾಠಕ್ಕೂ ಅದಕ್ಕೂ ಏನು ಸಂಬಂಧ?

2. ಮಾವಿನಕಾಯಿಯ ಆ ಎರಡು ಸಾಲನ್ನು ಮನೆಯಲ್ಲಿ ಐದು ಮಂದಿಗೆ ಓದಿ ಹೇಳಿ. ಎಷ್ಟು ಮಂದಿಯ ಬಾಯಲ್ಲಿ ನೀರು ಬಂತು? ಮಾವಿನಕಾಯಿಯನ್ನು ಒಮ್ಮೆಯೂ ತಿನ್ನದವರಿಗೆ ಏನಾಗಬಹುದು?

ಯೋಚಿಸಿ ಉತ್ತರಿಸಿ

1. 1965ರ ಪ್ರಯೋಗವನ್ನು ಸರಿಪಡಿಸಲು ನೀವಾದರೆ ಏನು ಮಾಡುತ್ತಿದ್ದಿರಿ?

2. ಒಂದು ಮುಲಾಮಿನ ಜಾಹೀರಾತು '100ರಲ್ಲಿ 60 ಮಂದಿಗೆ ನೋವು ಮಾಯ' ಎನ್ನುತ್ತದೆ. ಅದನ್ನು ನಂಬುವ ಮೊದಲು ನೀವು ಕೇಳಬೇಕಾದ ಎರಡು ಪ್ರಶ್ನೆಗಳು ಯಾವುವು?

3. ಆಸ್ತಮಾ ಇರುವ ನಿಮ್ಮ ಗೆಳೆಯ, "ಈಗ ಆರಾಮ ಅನಿಸ್ತದೆ, ಇನ್‌ಹೇಲರ್ ಬೇಡ" ಎನ್ನುತ್ತಾನೆ. 2011ರ ಅಧ್ಯಯನವನ್ನು ನೆನಪಿಟ್ಟುಕೊಂಡು ಅವನಿಗೆ ಏನು ಹೇಳುತ್ತೀರಿ?